ತನ್ನ ಮೇಲೆ ಕೇಸು ಹಾಕಿಸಿಕೊಂಡ ಹುಡುಗಿ

ಕೊಟ್ಟೂರಿನ ಗಂಗಾಂಬಿಕಾಗೆ ಹದಿನೆಂಟು ತುಂಬಿದ ಮೇಲೆ ಕಾರಿನ ಲೈಸೆನ್ಸ್ ಬಂತು. ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಅಪ್ಪ ಬೆನಕಪ್ಪನಿಗೆ ಮೊಣಕಾಲು ನೋವು. ಕೂಡ್ಲಿಗಿ, ಹಡಗಲಿ ಅಂತ ಎಲ್ಲಿಗೆ ಹೋಗಬೇಕಾದರೂ ಮಗಳೇ ಕಾರು ತೆಗೆಯುತ್ತಿದ್ದಳು. ಚೆನ್ನಾಗಿ ಓಡಿಸುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು, ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಆ ವರ್ಷ ಶೇಂಗಾ ಕೀಳುವ ಕಾಲದಲ್ಲಿ ಒಂದು ಸಂಜೆ ಕೂಡ್ಲಿಗಿಯಿಂದ ಒಬ್ಬಳೇ ವಾಪಸ್ ಬರುತ್ತಿದ್ದಳು. ಪಕ್ಕದ ಸೀಟಿನ ಮೇಲಿದ್ದ ಫೋನು ರಿಂಗಾಯಿತು. ಯಾರೆಂದು ನೋಡಲು ಕಣ್ಣು ತಿರುಗಿಸಿದಳು, ಅಷ್ಟೇ. ಮತ್ತೆ ಮುಂದೆ ನೋಡುವಾಗ, ಕೂಲಿ ಮುಗಿಸಿ ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳು ಎದುರಿಗೇ ಇದ್ದಳು. ಬ್ರೇಕ್ ಒತ್ತಿದರೂ ಕಾರು ತಗುಲಿತು.

ಆಕೆ ಹೊನ್ನೂರಮ್ಮ. ಬಿದ್ದಲ್ಲಿಂದ ಏಳಲು ಹೋದಳು, ಬಲಗಾಲು ಮುರಿದಿತ್ತು. ಗಂಗಾಂಬಿಕಾ ೧೦೮ಕ್ಕೆ ಫೋನ್ ಮಾಡಿದಳು. ಜೊತೆಯ ಕೂಲಿಯವರು ಬಾಯಿಗೆ ಬಂದಂತೆ ಬೈದರು. ಬೈಸಿಕೊಂಡಳು. ಆಂಬ್ಯುಲೆನ್ಸ್ ಬರುವ ತನಕ ಹೊನ್ನೂರಮ್ಮನ ಕೈ ಹಿಡಿದು ರಸ್ತೆಯ ಮೇಲೇ ಕೂತಿದ್ದಳು.

ಆಸ್ಪತ್ರೆಗೆ ಬೆನಕಪ್ಪ ಬಂದ. ಜೊತೆಗೆ ಅವನ ಗೆಳೆಯ ಪಾಲಾಕ್ಷಪ್ಪ.

“ಕೇಸು ಗೀಸು ಬ್ಯಾಡ ಬೆನಕಪ್ಪ,” ಎಂದ ಪಾಲಾಕ್ಷಪ್ಪ. “ಹುಡುಗಿ ಹೆಸರು ಸ್ಟೇಷನ್ನಿಗೆ ಹೋಗೋದು ಚಲೋ ಅಲ್ಲ. ದವಾಖಾನಿ ಖರ್ಚು ಕೊಟ್ಟು ರಾಜಿ ಮಾಡ್ಕೊಂಡ್ರಾತು.”

ಹೊನ್ನೂರಮ್ಮನ ಗಂಡ ಪಾಲಯ್ಯನೂ ತಲೆಯಾಡಿಸಿದ. ಪೊಲೀಸರ ಸಹವಾಸ ಅವನಿಗೂ ಬೇಡವಾಗಿತ್ತು.

ಗಂಗಾಂಬಿಕಾ ಒಪ್ಪಲಿಲ್ಲ. “ಅಪ್ಪಾ, ಇವತ್ತಿನ ಖರ್ಚು ನಾವು ಕೊಡೋಣು. ಮುಂದ? ಕೂಲಿ ಇಲ್ಲದ ಇವರ ಮನಿ ಹೆಂಗ ನಡೀಬೇಕು? ಕಾರಿಗೆ ಇನ್ಶೂರೆನ್ಸ್ ಕಟ್ಟೀವಿ. ಕೇಸು ಆಗ್ಲಿಲ್ಲಂದ್ರ ಕಂಪನಿಯವರು ಇವರಿಗೆ ಏನೂ ಕೊಡಂಗಿಲ್ಲ.”

“ಹಂಗಾರ ನಾನ ಓಡಿಸ್ತಿದ್ದೆ ಅಂತ ಬರೆಸ್ತೀನಿ,” ಎಂದ ಬೆನಕಪ್ಪ.

“ಬ್ಯಾಡಪ್ಪಾ. ಓಡಿಸಿದಾಕಿ ನಾನು. ಸುಳ್ಳು ಹೇಳಿದ್ದು ಗೊತ್ತಾದ್ರ ಇವರಿಗೆ ಬರೋದೂ ನಿಲ್ತೈತಿ.”

ಕೊನೆಗೆ ಬೆನಕಪ್ಪ ತಾನೇ ಮಗಳನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದ. ಅವಳು ಫೋನ್ ನೋಡಿದ್ದನ್ನೂ ಹೇಳಿದಾಗ ಬರೆದುಕೊಳ್ಳುತ್ತಿದ್ದ ಪೊಲೀಸಿನವರು ತಲೆ ಎತ್ತಿದರು.

“ಅದನ್ನೂ ಬರೀಲೇನವ್ವಾ?”

“ಬರೀರಿ.”

ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದಳು. ಎಷ್ಟೋ ದಿನ ಕಾರಿನ ಕೀಲಿ ಮುಟ್ಟಲಿಲ್ಲ. ಇತ್ತ ಹೊನ್ನೂರಮ್ಮ ಪರಿಹಾರ ಕೇಳಿ ಕಾರಿನ ಮಾಲೀಕ ಬೆನಕಪ್ಪನ ಮೇಲೂ ಇನ್ಶೂರೆನ್ಸ್ ಕಂಪನಿಯ ಮೇಲೂ ಅರ್ಜಿ ಹಾಕಿದಳು. ವಿಚಾರಣೆಯ ದಿನ ಅವಳೂರಿನ ಬಸ್ಸು ಬರಲಿಲ್ಲ. ಪಾಲಯ್ಯ ಫೋನಿನಲ್ಲಿ ಅದನ್ನು ಹೇಳಿದಾಗ ಗಂಗಾಂಬಿಕಾ ಅಪ್ಪನನ್ನು ಕೂರಿಸಿಕೊಂಡು ಅವರ ಮನೆ ಮುಂದೆ ಕಾರು ನಿಲ್ಲಿಸಿದಳು.

“ನಿಮ್ಮ ಮ್ಯಾಲ ಕೇಸು ಹಾಕಿದಾಕಿ, ನಿಮ್ಮ ಕಾರಿನಾಗ ಬರ್ಲೇನು?” ಎಂದಳು ಹೊನ್ನೂರಮ್ಮ.

“ಕೇಸು ಕೋರ್ಟಿನಾಗ ಐತಿ ಅಮ್ಮಾ. ಹತ್ರಿ.”

ಊರುಗೋಲು ಒಳಗಿಟ್ಟು ಹತ್ತಿದಳು. ದಾರಿಯುದ್ದಕ್ಕೂ ಮುಂದಿನ ಸೀಟು ಗಟ್ಟಿ ಹಿಡಿದಿದ್ದಳು.

“ನಿಧಾನ ಹೋಗವ್ವಾ.”

“ಹೂಂ ಅಮ್ಮಾ.”

ತಡವಾದರೂ ಪರಿಹಾರ ಬಂತು. ಹೊನ್ನೂರಮ್ಮ ಈಗ ಸ್ವಲ್ಪ ಕುಂಟುತ್ತಾಳೆ, ಬಗ್ಗಿ ಮಾಡುವ ಕೂಲಿ ಆಗುವುದಿಲ್ಲ. ಆಡು ಕೊಂಡು ಮೇಯಿಸುತ್ತಾಳೆ. ಆ ಕಡೆ ಹೋದಾಗೆಲ್ಲ ಗಂಗಾಂಬಿಕಾ ಇಳಿದು ಮಾತಾಡಿಸುತ್ತಾಳೆ. ಕೆಲವು ಸಲ ಆಕೆ ಚಹಾ ಮಾಡಿ ಕೊಡುತ್ತಾಳೆ. ಕಾಲು ನೋಯುವ ದಿನ ಮುಖ ಕೊಟ್ಟು ಮಾತಾಡುವುದಿಲ್ಲ. ಆಗಲೂ ಗಂಗಾಂಬಿಕಾ ಸ್ವಲ್ಪ ಹೊತ್ತು ಕೂತೇ ಬರುತ್ತಾಳೆ.