ಪಾಯದ ಮಣ್ಣಿಗೆ ಕೋಡು ಮೂಡಿದ್ದು

ಭೂಮಿ ನಡುಗಬಹುದಿತ್ತು. ನಡುಗಿದಾಗ ಪಾಯದಡಿಯ ಎರೆಮಣ್ಣು ಅಂಬಲಿಯಂತೆ ಮೆತ್ತಗಾಗಬಹುದಿತ್ತು. ಒಂದು ಮೂಲೆ ಕುಸಿದು, ನಮ್ಮ ದೇವರ ಕೋಣೆ ಪಕ್ಕದವರ ಬಚ್ಚಲಿಗೆ ವಾಲಬಹುದಿತ್ತು. ಅದೇ ಹೊತ್ತಿಗೆ ನಾನು ಮೈತುಂಬ ಸಾಬೂನು ಹಚ್ಚಿಕೊಂಡು ನಿಂತಿರಬಹುದಿತ್ತು. ನರಗುಂದದಲ್ಲಿ ನಾವು ಕಟ್ಟಬೇಕಿದ್ದ ಮನೆಯ ಒಂದು ಕಲ್ಲೂ ಇನ್ನೂ ಇಟ್ಟಿರಲಿಲ್ಲ. ನನ್ನ ತಲೆಯೊಳಗೆ ಮಾತ್ರ ಅದು ಹಲವು ಸಲ ಕುಸಿದಿತ್ತು.

ಒಂದು ಮಧ್ಯಾಹ್ನ ಬಾಡಿಗೆ ಮನೆಯ ತಟ್ಟೆಗಳು ಗಲಗಲ ಅಂದವು. ಭೂಕಂಪವೆಂದು ನಾನು ಬೀದಿಗೆ ಓಡಿದೆ. ಕಡಲೆ ಹೇರಿಕೊಂಡ ಲಾರಿಯೊಂದು ಹೊರಟಿತ್ತು. ಲಾರಿ ಹೋಯಿತು, ಅಂಜಿಕೆ ಹೋಗಲಿಲ್ಲ. ಮಣ್ಣಿನ ಪರೀಕ್ಷೆಯಾಗದೆ ಪಾಯ ಹಾಕುವುದಿಲ್ಲವೆಂದು ಘೋಷಿಸಿದೆ. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಒಲೆಯನ್ನೂ ಹಾಸಿಗೆಯನ್ನೂ ನನ್ನನ್ನೂ ಸಂಭಾಳಿಸಿದ ಹೆಂಡತಿ, "ಲಗೂ ಮಾಡಿಸ್ರಿ. ಭೂಮಿ ನಡಗೂದ್ರಾಗ ನನಗೊಂದು ಅಡಗಿಮನಿ ಬೇಕು" ಎಂದಳು.

ಗಜೇಂದ್ರಗಡದ ಪರಿಚಿತ ಎಂಜಿನಿಯರ್ ಫೋನಿನಲ್ಲಿ ಹೇಳಿದರು: "ಪಾಯದ ಆಳದಾಗಿಂದು ಒಂದು ಮಣ್ಣಿನ ಗಡ್ಡಿ ತಗದಿಡ್ರಿ. ಒಡೀಬಾರದು, ಹಸಿ ಆರಬಾರದು. ನಾಳೆ ಬಂದು ಲ್ಯಾಬಿಗೆ ಒಯ್ತೀನಿ." ಆಳಿನಿಂದ ಅಗೆಸಿ ತೆಗೆದ ಗಡ್ಡೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಯಾರೂ ಕೈಹಚ್ಚದ ಜಾಗವೆಂದು ದೇವರ ಜಗಲಿಯ ಮೇಲಿಟ್ಟೆ.

ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಸ್ನಾನ ಮುಗಿಸಿ ಬಂದರೆ ಜಗಲಿಯ ಮೇಲೆ ಗಡ್ಡೆಯ ಬದಲು ಜೋಡಿ ಎತ್ತು! ಜೋಳದ ಕಾಳಿನ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

"ಏ, ಅದು ಟೆಸ್ಟಿನ ಮಣ್ಣು!"

"ಅಮಾಸಿ ಹಿಂದಿನ ದಿನ ಎರಿಮಣ್ಣ ತಂದು ದೇವರ ಮುಂದ ಇಟ್ರ ಏನ್ ತಿಳೀಬೇಕ್ರೀ? ಲಗ್ನಾದಾಗಿಂದ ನಾ ಹೇಳದಿದ್ರೂ ಒಂದು ಕೆಲಸಾ ಮಾಡ್ಯಾರಂತ ಖುಷಿಪಟ್ಟಿದ್ದೆ!"

ಎಂಜಿನಿಯರ್ ಬಂದವರು ನಕ್ಕು, ಎತ್ತಿನ ಮುಂದೆ ಬಗ್ಗಿ ನೋಡಿದರು. "ಕೋಡು ಇಷ್ಟು ಸಣ್ಣಗ ಹೊಸೆದ್ರೂ ಸೀಳಿಲ್ಲ. ಭಾಳ ಜಿಗಟ ಐತ್ರಿ. ನೆಲ ನಡುಗಿದ್ರ ಇದು ಹಸಿ ಉಸುಕಿನಂಗ ನೀರಾಗಿ ಹರಿಯೂದಿಲ್ಲ."

ನಾನು ಉಸಿರು ಬಿಟ್ಟೆ.

"ಆದ್ರ ಮೆತ್ತಗಾಗಬಹುದು. ನಡುಕಾನೂ ಹೆಚ್ಚ ಮಾಡಬಹುದು. ಎಷ್ಟು ಭಾರ ತಡೀತೈತಿ ಅಂತ ನೋಡಾಕ ಕಲಸದೇ ಇರೋ ಗಡ್ಡೀನ ಬೇಕ್ರಿ."

ಬಿಟ್ಟ ಉಸಿರನ್ನು ಮತ್ತೆ ಒಳಗೆಳೆದುಕೊಂಡೆ. ಅಗೆಯುವವನನ್ನು ಕರೆದರೆ, "ಇವತ್ತ ಅಮಾಸಿ, ನೆಲಕ್ಕ ಗುದ್ದಲಿ ಹಚ್ಚಂಗಿಲ್ರೀ ಸಾಹೇಬ್ರ" ಎಂದು ಹೋಳಿಗೆ ಊಟಕ್ಕೆ ನಡೆದ. ಎಂಜಿನಿಯರೂ ನಮ್ಮಲ್ಲೇ ಉಂಡು ಮಲಗಿದರು.

ಮರುದಿನ ಹೊಸ ಗಡ್ಡೆ ತೆಗೆದೆವು. ಪರೀಕ್ಷೆಯಾಯಿತು, ಅವರು ಹೇಳಿದಷ್ಟು ಅಗಲ, ಹೇಳಿದಷ್ಟು ಆಳ ಪಾಯ ಹಾಕಿದೆವು, ಮನೆ ಎದ್ದಿತು. ಹೆಂಡತಿ ಈಗ ಸ್ವಂತ ಅಡಿಗೆಮನೆಯಲ್ಲಿ ನಿಂತು ನನ್ನನ್ನು ಬೈಯುತ್ತಾಳೆ. ಇಷ್ಟೆಲ್ಲದರಲ್ಲಿ ಹಾಳಾದದ್ದು ಒಂದು ದಿನ ಮಾತ್ರ.