ನೆಲಕ್ಕೆ ಹೆದರಿದ ಮೃದುಲಾ

ಧಾರವಾಡ ಕಡೆಯ ಮೃದುಲಾ ನಾಶಿಕ್‌ನ ಆದಾಯ ತೆರಿಗೆ ಕಚೇರಿಯಲ್ಲಿ ನೌಕರಿಯಲ್ಲಿದ್ದರು. ಗಂಡ ಬಿಂದುಮಾಧವ ಔರಂಗಾಬಾದ್‌ನ ಬ್ಯಾಂಕಿಗೆ ವರ್ಗವಾಗಿದ್ದರಿಂದ ವಾರದ ಕೊನೆಗಷ್ಟೇ ಮನೆಗೆ ಬರುತ್ತಿದ್ದರು. ೨೦೧೮ರ ಮಳೆಗಾಲದ ಒಂದು ಮುಂಜಾನೆ ಮೃದುಲಾ ಅಡುಗೆಮನೆಯಲ್ಲಿ ಕುಸಿದು ಬಿದ್ದರು. ಎಡಗೈ, ಎಡಗಾಲು ಅಲುಗಲಿಲ್ಲ. ಕೂಗಲು ಹೋದರೆ ಗೊರಗೊರ ಸದ್ದಷ್ಟೇ ಬಂತು. ಒಲೆಯ ಮೇಲಿನ ಹಾಲು ಉಕ್ಕಿ ಉರಿ ಆರಿತು, ಗ್ಯಾಸಿನ ವಾಸನೆ ಮೂಗಿಗೆ ಅಡರತೊಡಗಿತು. ಕೆನ್ನೆ ತಣ್ಣನೆಯ ಫರಸಿ ಕಲ್ಲಿನ ನೆಲಕ್ಕೆ ಅಂಟಿತ್ತು. ಪಕ್ಕದ ಮನೆಯ ರುಕ್ಮಿಣಿಬಾಯಿ ಆ ವಾಸನೆ ಹಿಡಿದೇ ಬಾಗಿಲು ಒಡೆಸಿದ್ದು.

ಪಾರ್ಶ್ವವಾಯು. ಮಾತೂ ಕೈಯೂ ಮೆಲ್ಲಗೆ ಮರಳಿದವು, ಕಾಲು ಮರಳಲಿಲ್ಲ. ಆಸ್ಪತ್ರೆಗೆ ರೋಗಿಗಳನ್ನು ನಡೆಸುವ ರೋಬೋಟ್ ಆಗತಾನೆ ಬಂದಿತ್ತು. ಸೊಂಟಕ್ಕೆ ಪಟ್ಟಿ ಬಿಗಿದು ಮೇಲಿನಿಂದ ತೂಗುಹಾಕಿದರು, ಎರಡೂ ಕಾಲಿಗೆ ಲೋಹದ ಕಾಲುಗಳನ್ನು ಕಟ್ಟಿದರು. ಗುಂಡಿ ಒತ್ತಿದೊಡನೆ ಎಡಗಾಲು ಅವರನ್ನು ಕೇಳದೆಯೇ ಎದ್ದು ಹೆಜ್ಜೆ ಇಟ್ಟಿತು.

"ಅಯ್ಯೋ, ನಿಲ್ಲಸ್ರಿ! ಇದು ನನ್ನ ಕಾಲಲ್ಲ!"

ಆದರೆ ದಿನ ಕಳೆದಂತೆ ಅದೇ ಯಂತ್ರ ಹಿತವಾಯಿತು. ಅದು ಬೀಳಗೊಡುತ್ತಿರಲಿಲ್ಲ. ಕಾಲಿಗೆ ಕಸುವು ಬಂದ ಮೇಲೆ, ವ್ಯಾಯಾಮ ಮಾಡಿಸುವ ವಿಭಾ ಅವರನ್ನು ಯಂತ್ರದಿಂದ ಇಳಿಸಿ, ಹಿಡಿದು ನಡೆಯುವ ಜೋಡಿ ಕಂಬಿಗಳ ನಡುವೆ ನಿಲ್ಲಿಸಿದಾಗ ಮೃದುಲಾಗೆ ಬೆವರು ಕಿತ್ತುಬಂತು. ನೆಲ ಮೇಲೆದ್ದು ಬರುವಂತೆ ಕಂಡಿತು. ಹಿಡಿದ ಕಂಬಿ ಬಿಡಲೊಲ್ಲರು.

ರಜೆ ಹಾಕಿ ಬಂದಿದ್ದ ಬಿಂದುಮಾಧವ ಹತ್ತಿರ ಬಂದು, "ನಾ ಹಿಡೀತೀನಿ, ಬಾ," ಎಂದರು.

"ಅವತ್ತ ಎಲ್ಲಿದ್ರಿ?"

ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ವಿಭಾ ಮರಾಠಿಯಲ್ಲಿ ಕೇಳಿದಳು, "ಯಾವುದರ ಭಯ, ಕಾಕೂ?"

"ಬೀಳೋದಲ್ಲ. ಬಿದ್ದು ಅಲ್ಲೇ ಉಳಿಯೋದು."

ಮರುದಿನ ವಿಭಾ ನೆಲಕ್ಕೆ ಗಾದಿ ಹಾಸಿದಳು. "ಇವತ್ತು ನಡಿಗೆ ಬೇಡ. ನೆಲಕ್ಕೆ ಇಳಿಯೋಣ, ನೀವೇ ಏಳಬೇಕು."

ಇಳಿಸುವಾಗ ಮೃದುಲಾ ಚೀರಿದರು. ಗಾದಿಗೆ ಕೆನ್ನೆ ತಾಗಿದ್ದೇ ಮೂಗಿಗೆ ಮತ್ತೆ ಗ್ಯಾಸು ನಾರಿದಂತಾಯಿತು. ಎತ್ತಲು ಬಗ್ಗಿದ ಗಂಡನನ್ನು ವಿಭಾ ತಡೆದಳು. ಬಲಕ್ಕೆ ಹೊರಳಿರಿ, ಮೊಣಕೈ ಊರಿರಿ, ಕುರ್ಚಿ ಹಿಡಿಯಿರಿ ಎನ್ನುತ್ತ ಹೋದಳು. ಅಳುತ್ತ, ಎರಡು ಬಾರಿ ಜಾರಿ, ಕೊನೆಗೆ ಮೃದುಲಾ ಮೊಣಕಾಲ ಮೇಲೆ ಬಂದರು. ಆಮೇಲೆ ನಿಂತರು. ಆ ವಾರವೇ ಕಂಬಿಯಿಂದ ಕೈ ಬಿಟ್ಟರು.

ಚಳಿಗಾಲ ಕಳೆಯುವ ಹೊತ್ತಿಗೆ ಕೋಲು ಹಿಡಿದು ಕಚೇರಿಗೆ ಹೋಗತೊಡಗಿದರು. ಒಂದು ಸಂಜೆ ಕಾಯಿಪಲ್ಯದ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ದಂಟಿನ ಮೇಲೆ ಜಾರಿ ಬಿದ್ದರು. ಓಡಿ ಬಂದವರಿಗೆ "ಥಾಂಬಾ", ನಿಲ್ಲಿ, ಎಂದು ಕೈ ಅಡ್ಡ ಹಿಡಿದು, ಅಂಗಡಿಯ ಹಲಗೆ ಹಿಡಿದು ಎದ್ದರು.

ಮನೆ ಮುಟ್ಟಿ ಔರಂಗಾಬಾದ್‌ಗೆ ಫೋನ್ ಮಾಡಿದರು. "ಇವತ್ತ ಬಿದ್ದಿದ್ದೆ."

"ಅಯ್ಯೋ! ಯಾರ ಎತ್ತಿದ್ರು?"

"ಯಾರೂ ಇಲ್ರಿ, ನಾನ ಎದ್ದೆ." ಕೋಲನ್ನು ಗೋಡೆಗೆ ಒರಗಿಸಿ ಮೃದುಲಾ ಹೇಳಿದರು, "ಆದ್ರ ಅಂಜಿಕಿ ಇನ್ನೂ ಹೋಗಿಲ್ಲ. ಫೋನ್ ಇಡಬ್ಯಾಡ್ರಿ."