ಕಿಲಾರಿ ಕಂಡಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಸುಳ್ಳಲ್ಲ. ಮಿಲ್ಲಿನಲ್ಲಿ ಬೆಲ್ಟ್ ಜಾರಿದರೆ ಬೆಲ್ಟಿಗೂ ಬೈಯುವ ಜಾತಿ ನಾನು. ಆದರೆ ಆ ಕೋಪ ಚಹಾ ಬರುವಷ್ಟರಲ್ಲಿ ಇಳಿಯುತ್ತಿತ್ತು. ಈಗಿರುವುದು ಇಳಿಯುವುದಿಲ್ಲ.

ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ನಾನು ಫಿಟ್ಟರ್. ವಾರಕ್ಕೆ ಆರು ದಿನ ಹಿಂಡಿಯ ಧೂಳು ಕುಡಿದು, ಏಳನೆಯ ದಿನ ಗಾಳಿ ಕುಡಿಯಲು ಸೈಕಲ್ ಹತ್ತುತ್ತೇನೆ. ಇಪ್ಪತ್ತು ವರ್ಷದಿಂದ ಹೀಗೇ. ನನಗೆ ಎರಡು ದಾರಿ ಇಷ್ಟ. ಒಂದು ಮೊಳಕಾಲ್ಮೂರಿನ ಕಡೆಗೆ, ಸಿದ್ದಾಪುರದ ಕಲ್ಲುಗುಡ್ಡಗಳವರೆಗೆ. ಅದಕ್ಕೆ ಒಂದು ದಿನ ರಜೆ ಹಾಕಿ, ಒಂದು ರಾತ್ರಿ ಎಲ್ಲಾದರೂ ತಂಗಬೇಕು. ಇನ್ನೊಂದು ದೊಡ್ಡಉಳ್ಳಾರ್ತಿಯ ಕಡೆಯ ಕಾವಲು, ಅಂದರೆ ದನ ಮೇಯುವ ಹುಲ್ಲುಗಾವಲು. ಕಾವಲೆಂದರೆ ಬರೀ ಮಟ್ಟಸ ಬಯಲು ಎನ್ನುವವರು ಅಲ್ಲಿ ಸೈಕಲ್ ತುಳಿದಿಲ್ಲ. ಅದು ಏರುತ್ತದೆ, ಇಳಿಯುತ್ತದೆ. ಏರಿದ್ದು ಕಣ್ಣಿಗೆ ಕಾಣುವುದಿಲ್ಲ, ತೊಡೆಗೆ ಮಾತ್ರ ಗೊತ್ತಾಗುತ್ತದೆ. ಹುಲ್ಲಿನ ನಡುವೆ ದನ ತುಳಿದ ದಾರಿ ಒಂದು ಗೇಣು ಅಗಲ. ಚಕ್ರಕ್ಕೆ ಅಷ್ಟು ಸಾಕು.

ಆ ದಾರಿಗೆ ಅಡ್ಡ ಗೋಡೆ ಬಂತು. ಗೋಡೆ ಯಾರದು ಎಂದು ಬರೆಯುವುದಿಲ್ಲ. ಆ ಕಡೆ ಈಗ ಮಳೆಗೆ ಬರವಿರಬಹುದು, ಗೋಡೆಗಳಿಗೆ ಬರವಿಲ್ಲ. ಮೊದಲ ಸಲ ನೋಡಿದ ದಿನ ಗೋಡೆ ಕಾಯುತ್ತಿದ್ದ ಕಾವಲುಗಾರನ ಮೇಲೆ ಹರಿಹಾಯ್ದೆ. ಅವನು ಖಾಕಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಣ್ಣಾ, ನಾನೂ ಇಲ್ಲೇ ಪಕ್ಕದ ಹಟ್ಟಿಯೋನು. ಗೋಡೆ ನಾನ್ ಕಟ್ಟಿದ್ನಾ? ನನ್ ಮ್ಯಾಲ್ ಯಾಕ್ ಕೂಗಾಡ್ತೀಯಾ?" ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಆ ಗೋಡೆಯಲ್ಲಿ ಒಂದು ಕಂಡಿ ಇತ್ತು. ಅದನ್ನು ತೋರಿಸಿದವನು ಕಿಲಾರಿ. ನಮ್ಮ ಕಡೆ ದೇವರಿಗೆ ಬಿಟ್ಟ ದನಗಳ ಹಿಂಡುಗಳಿವೆ. ದೇವರ ಎತ್ತು ಎನ್ನುತ್ತಾರೆ. ಅವುಗಳಿಗೆ ನೊಗ ಕಟ್ಟುವುದಿಲ್ಲ, ಅವನ್ನು ಮಾರುವುದಿಲ್ಲ, ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ಅವುಗಳನ್ನು ಕಾಯುವವನೇ ಕಿಲಾರಿ. ಈತ ನನಗಿಂತ ಹತ್ತು ವರ್ಷ ದೊಡ್ಡವನು, ಬರಿಗಾಲು, ಹೆಗಲ ಮೇಲೆ ಕಂಬಳಿ. ದನಗಳ ಜೊತೆ ತೆಲುಗು, ನನ್ನ ಜೊತೆ ಕನ್ನಡ. ವರ್ಷಗಟ್ಟಲೆ ಒಬ್ಬರನ್ನೊಬ್ಬರು ಬಯಲಿನಲ್ಲಿ ನೋಡಿ ನೋಡಿ ಸ್ನೇಹವಾಗಿತ್ತು. ಒಂದು ಭಾನುವಾರ ಅವನು, "ಬಾರಲೇ," ಎಂದು ಹಳ್ಳದ ಗುಂಟ ಕರೆದುಕೊಂಡು ಹೋದ. ಹಳ್ಳದ ನೀರು ನುಗ್ಗಿ ಗೋಡೆಯ ಒಂದು ತುಂಡು ಬಿದ್ದಿತ್ತು. ಎರಡು ದನ ಜೋಡಿಯಾಗಿ ಹೋಗುವಷ್ಟು ಜಾಗ. ಆಚೆ, ಗೋಡೆಯ ಒಳಗೆ ಸಿಕ್ಕಿಕೊಂಡಿದ್ದ ಗೋಕಟ್ಟೆ. ಅವನ ಹಿಂಡು ತಲೆತಲಾಂತರದಿಂದ ನೀರು ಕುಡಿಯುತ್ತಿದ್ದುದು ಅಲ್ಲೇ. ಹತ್ತಿರದ ಹಟ್ಟಿಗಳ ಕಾವಲುಗಾರರು ದೇವರ ದನ ಎಂದು ನೋಡಿಯೂ ನೋಡದಂತೆ ಇರುತ್ತಿದ್ದರು.

"ನೋಡಿದ್ಯಲ್ಲ, ಬಾಯಿ ಬಿಡಬ್ಯಾಡ," ಎಂದ ಕಿಲಾರಿ. "ದನಕ್ಕೆ ಮಾತು ಬರಲ್ಲ, ಅದುಕ್ಕೇ ಈ ಕಂಡಿ ಇನ್ನಾ ಉಳದೈತೆ."

ನಾನು ತಲೆಯಾಡಿಸಿದೆ.

ಮುಂದಿನ ಚಳಿಗಾಲದಲ್ಲಿ ಸೈಕಲ್ ಸವಾರರ ಒಂದು ಗುಂಪು ಊರಿಗೆ ಬಂತು. ಎಂಟು ಜನ. ಗೇರ್ ಸೈಕಲ್ಲು, ಬಿಗಿ ಚಡ್ಡಿ, ತಲೆಗೆ ಹೆಲ್ಮೆಟ್ಟು. ಸೈಕಲ್ ಅಂಗಡಿಯವನು ನನ್ನನ್ನು ತೋರಿಸಿ, ಇವರಿಗೆ ಗೊತ್ತಿಲ್ಲದ ದಾರಿ ಇಲ್ಲ ಎಂದುಬಿಟ್ಟ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಒಳ್ಳೆಯವರು. ಅವರ ಮುಂದಾಳು ಒಬ್ಬ ಬಿಳಿ ಗಡ್ಡದ ಮನುಷ್ಯ, ದಾರಿಯಲ್ಲಿ ಬಿದ್ದ ಬಿಸ್ಕತ್ತಿನ ಕಾಗದವನ್ನೂ ಎತ್ತಿ ಜೇಬಿಗೆ ಹಾಕಿಕೊಳ್ಳುವಂಥವನು. ಸಿದ್ದಾಪುರದ ಬಂಡೆಗಳ ನಡುವೆ ಕೂತು ಚುರುಮುರಿ ತಿನ್ನುವಾಗ ಅವನು, "ನೀವೇ ನಮ್ಮ ಗುರು," ಎಂದ. ಮಿಲ್ಲಿನಲ್ಲಿ ನನ್ನನ್ನು ಯಾರೂ ಗುರು ಎಂದಿರಲಿಲ್ಲ. ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬಿಹೋದೆ.

"ಯಾರೂ ನೋಡದ ಜಾಗ ಒಂದು ತೋರಿಸಿ," ಎಂದರು. ತೋರಿಸಿದೆ. ಮರುದಿನ ಚಳ್ಳಕೆರೆಗೆ ಮರಳಿ ಕಾವಲಿಗೆ ಕರೆದುಕೊಂಡು ಹೋದೆ. ಎಂಟೂ ಸೈಕಲ್ಲು ಸಾಲಾಗಿ ಆ ಕಂಡಿಯಲ್ಲಿ ನುಸುಳಿದವು. ಕಿಲಾರಿ ಆ ಹೊತ್ತಿಗೆ ದನ ಹೊಡೆದುಕೊಂಡು ದೂರ ಹೋಗಿದ್ದ. ಗೋಕಟ್ಟೆಯ ಏರಿಯ ಮೇಲೆ ಗಡ್ಡದವನು ಫೋನ್ ತೋರಿಸಿದ. ನಾವು ಬಂದ ದಾರಿ ಅದರಲ್ಲಿ ಕೆಂಪು ಗೆರೆಯಾಗಿ ಕಾಣುತ್ತಿತ್ತು. ಇಪ್ಪತ್ತು ವರ್ಷ ತುಳಿದದ್ದನ್ನು ಮೊದಲ ಸಲ ಹಾಗೆ ನೋಡಿದೆ. ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

"ಈ ಜಾಗಕ್ಕೆ ಏನು ಹೆಸರು ಹಾಕಲಿ?" ಎಂದು ಕೇಳಿದ.

"ಕಿಲಾರಿ ಕಂಡಿ ಅಂತ ಹಾಕ್ರಿ," ಎಂದೆ. ಅವನು ಬೆರಳಾಡಿಸಿದ. ಒಂದು ಅಕ್ಷರ ತಪ್ಪಿತ್ತು. ಕೂತು ತಿದ್ದಿಸಿದೆ.

ತಿಂಗಳೊಳಗೆ ಇನ್ನೊಂದು ಗುಂಪು ಬಂತು, ಆಮೇಲೆ ಮತ್ತೊಂದು. ಇವರಿಗೆ ಯಾವ ಗುರುವೂ ಬೇಕಿರಲಿಲ್ಲ, ಗಡ್ಡದವನು ಎಲ್ಲರಿಗೂ ಕಾಣುವಂತೆ ಹಾಕಿದ್ದ ಕೆಂಪು ಗೆರೆ ಇತ್ತಲ್ಲ. ಕಂಡಿಯಲ್ಲಿ ನಿಂತು ಫೋಟೊ ತೆಗೆದು ಎಲ್ಲರಿಗೂ ಹಂಚಿದರು. ದನಗಳನ್ನು ನೋಡದಂತಿದ್ದ ಕಾವಲುಗಾರರು ಆ ಫೋಟೊಗಳನ್ನು ನೋಡದಂತಿರಲು ಆಗಲಿಲ್ಲ, ಏಕೆಂದರೆ ಅವು ಅವರ ಮೇಲಿನವರ ಫೋನಿಗೇ ಹೋಗಿದ್ದವು. ಒಂದು ಭಾನುವಾರ ಹೋದಾಗ ಕಂಡಿ ಇದ್ದ ಕಡೆ ಹೊಸ ಸಿಮೆಂಟ್ ಇಟ್ಟಿಗೆ, ಮೇಲೆ ಮುಳ್ಳುತಂತಿ. ಅದಕ್ಕೆ ಒದ್ದೆ. ಕಾಲಿಗೆ ನೋವಾಯಿತು, ಗೋಡೆಗೆ ಏನೂ ಆಗಲಿಲ್ಲ.

ಗಡ್ಡದವನಿಗೆ ಫೋನ್ ಮಾಡಿ ಬೈಯಬೇಕೆಂದಿದ್ದೆ. ಅವನು ಮರುಗಿದ, ನಿಜವಾಗಿಯೇ ಮರುಗಿದ. "ಅಯ್ಯೋ, ಮುಚ್ಚಿಬಿಟ್ಟರಾ? ಎಂಥಾ ಒಳ್ಳೆ ದಾರಿ! ಆ ಕಡೆ ಅಂಥದ್ದು ಇನ್ನೊಂದು ಏನಾದರೂ ಇದೆಯಾ?" ಎಂದ. ಬೈಯದೆಯೇ ಫೋನ್ ಇಟ್ಟೆ.

ಈಗ ಹಿಂಡು ನೀರಿಗೆ ಹೋಗಬೇಕಾದರೆ ಗೋಡೆ ಸುತ್ತಿ ಡಾಂಬರು ರಸ್ತೆಗೆ ಇಳಿದು, ರಸ್ತೆ ದಾಟಿ ಬೇರೆ ಕೆರೆಗೆ ಹೋಗಬೇಕು. ಆ ರಸ್ತೆಯಲ್ಲಿ ಜಲ್ಲಿ ಲಾರಿ, ಗಾಳಿಯಂತ್ರದ ಉದ್ದನೆಯ ರೆಕ್ಕೆ ಹೊತ್ತ ಟ್ರೈಲರು. ಎರಡನೇ ವಾರಕ್ಕೇ ಒಂದು ಕರುವಿನ ಹಿಂಗಾಲು ಮುರಿಯಿತು.

ಆ ಸುದ್ದಿ ಕೇಳಿ ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ದನದ ದೊಡ್ಡಿಗೆ, ಹೋದೆ. ಅಲ್ಲಿ ಕಿಲಾರಿ ಒಬ್ಬ ಮುದಿ ಕುರಿಗಾಹಿಯ ಮೇಲೆ ಕೂಗಾಡುತ್ತಿದ್ದ. ಕುರಿಗಾಹಿ ಕಾವಲುಗಾರರ ಜೊತೆ ಬೀಡಿ ಸೇದುತ್ತಾನೆ, ಆದ್ದರಿಂದ ಕಂಡಿಯ ವಿಷಯ ಬಾಯಿಬಿಟ್ಟವನು ಅವನೇ ಎಂದು ಕಿಲಾರಿಯ ಲೆಕ್ಕ. ಮುದುಕ ಅಳುವುದೊಂದು ಬಾಕಿ.

"ನಾನಲ್ಲಪ್ಪೋ. ನನ್ ಕುರಿನೂ ಅಲ್ಲೇ ನೀರು ಕುಡೀತಿದ್ವಲ್ಲೋ," ಎನ್ನುತ್ತಿದ್ದ.

"ಹಂಗಾರೆ ಎತ್ತಿನ ಮೈ ಮುಟ್ಟಿ ಹೇಳು," ಎಂದ ಕಿಲಾರಿ.

ನಮ್ಮಲ್ಲಿ ಇದಕ್ಕಿಂತ ದೊಡ್ಡ ಆಣೆಯಿಲ್ಲ. ದೇವರ ಎತ್ತಿನ ಮೈ ಮುಟ್ಟಿ ಸುಳ್ಳು ಹೇಳಿದವನ ಮನೆಯಲ್ಲಿ ದೀಪ ಉರಿಯುವುದಿಲ್ಲ ಎನ್ನುತ್ತಾರೆ. ತಪ್ಪು ಮಾಡದವನೂ ಅದಕ್ಕೆ ಹೆದರುತ್ತಾನೆ. ಮುದುಕ ಚಪ್ಪಲಿ ಬಿಟ್ಟು, ಕೈಯನ್ನು ಎತ್ತಿನ ಭುಜದ ಕಡೆ ಚಾಚಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನನ್ನ ಕೈ ಫೋನಿದ್ದ ಜೇಬಿಗೆ ಹೋಗಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುದುಕ ಆಣೆ ಮಾಡುತ್ತಾನೆ, ಕಿಲಾರಿ ನಂಬುತ್ತಾನೆ ಅಥವಾ ನಂಬುವುದಿಲ್ಲ, ನಾನು ಸೈಕಲ್ ಹತ್ತಿ ಊರಿಗೆ ಹೋಗುತ್ತೇನೆ. ಅಷ್ಟೂ ಯೋಚಿಸಿದೆ. ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಅಸಹ್ಯ.

"ಅವನನ್ನ ಬಿಡು. ಹೇಳಿದ್ದು ನಾನು," ಎಂದೆ.

ಎಲ್ಲವನ್ನೂ ಹೇಳಿದೆ. ಎಂಟು ಜನ, ಕೆಂಪು ಗೆರೆ, ಹೆಸರು. ಫೋನಿನಲ್ಲಿ ತೋರಿಸಿದೆ. ಕಿಲಾರಿಗೆ ಓದು ಬರುವುದಿಲ್ಲ. ಏನು ಬರೆದಿದೆ ಎಂದು ಕೇಳಿದ, ನಾನೇ ಓದಿ ಹೇಳಬೇಕಾಯಿತು. ಅವನು ಮೊದಲು ಮುದುಕನ ಎರಡೂ ಕೈ ಹಿಡಿದು ತಪ್ಪಾಯಿತೆಂದ. ಆಮೇಲೆ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದ್ದ ಕರುವಿನ ಹತ್ತಿರ ಹೋಗಿ ಕೂತ. ಅವನು ಎರಡು ಏಟು ಹೊಡೆಯಲಿ ಎಂದು ಕಾದೆ. ಹೊಡೆಯಲಿಲ್ಲ. ನಾನೇ ಗೋಡೆ ಕಟ್ಟಿದವರನ್ನು ಬಾಯಿಗೆ ಬಂದಂತೆ ಬೈಯತೊಡಗಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಎಂದು ಇನ್ನೂ ಏನೇನೋ ಅಂದೆ.

ಅವನು ತಲೆಯೆತ್ತಿದ. "ಸಾಕು ಬಿಡು. ನಮ್ ದನ ಎಲ್ಲಿ ನೀರು ಕುಡೀತಾವೆ ಅಂತ ಅವ್ರಿಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು."

ನನ್ನನ್ನು ಯಾರೂ ಬಾ ಎಂದು ಕರೆದಿಲ್ಲ. ಆದರೂ ಪ್ರತಿ ಭಾನುವಾರ ಹಿಂಡು ರಸ್ತೆಗೆ ಬರುವ ಮೊದಲೇ ಹೋಗಿ, ಡಾಂಬರಿನ ನಡುವೆ ಸೈಕಲ್ಲನ್ನು ಅಡ್ಡ ಮಲಗಿಸಿ, ಅದರ ಮುಂದೆ ನಿಂತುಕೊಳ್ಳುತ್ತೇನೆ. ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತವೆ. ಡ್ರೈವರುಗಳು ಕೆಳಗಿಳಿದು ಕನ್ನಡದಲ್ಲಿ, ತೆಲುಗಿನಲ್ಲಿ ನನ್ನ ಹೆತ್ತವರನ್ನೆಲ್ಲ ಎಳೆದು ಬೈಯುತ್ತಾರೆ. ನಾನೂ ಅಷ್ಟೇ ಬೈಯುತ್ತೇನೆ. ಕಿಲಾರಿ ನನ್ನ ಕಡೆ ನೋಡದೆ ದನ ದಾಟಿಸಿಕೊಂಡು ಹೋಗುತ್ತಾನೆ. ಆ ಕುಂಟು ಕರು ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ತುಂಬಾ ನಿಧಾನ. ಅದು ದಾಟುವವರೆಗೆ ನಾನು ಸೈಕಲ್ ಎತ್ತುವುದಿಲ್ಲ.